ನಾಯಿಯ ಮೈಗೆ ಯಾವ ಸೋಪು, ಹೊಟ್ಟೆಗೆ ಯಾವ ಊಟ?

ನಾಯಿ ಸಾಕಿದ ಇಬ್ಬರು ಎದುರಾದರೆ ಮಾತು ಬೇಗ ಎರಡು ವಿಷಯಕ್ಕೆ ಬಂದು ನಿಲ್ಲುತ್ತದೆ. ಎಷ್ಟು ದಿನಕ್ಕೊಮ್ಮೆ ಸ್ನಾನ ಮಾಡಿಸ್ತೀರಿ? ಊಟಕ್ಕೆ ಏನು ಹಾಕ್ತೀರಿ? ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್‌ಗೆ ನಾಯಿ ಕರೆತರುವವರ ನಡುವೆಯೂ ಇದೇ ಮಾತು, ಊರ ಕಡೆ ಜಗಲಿಯ ಮೇಲೂ ಇದೇ ಮಾತು. ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ವಾರಕ್ಕೊಮ್ಮೆ ಸ್ನಾನ ಆಗಲೇಬೇಕು ಅಂತ ಒಬ್ಬರು, ಮಳೆಯಲ್ಲಿ ನೆಂದರೆ ಅದೇ ಸ್ನಾನ ಅಂತ ಇನ್ನೊಬ್ಬರು. ಮೊಸರನ್ನ ಸಾಕು ಅನ್ನುವವರಿದ್ದಾರೆ, ಅನ್ನ ಮುಟ್ಟಿಸಲೇಬಾರದು ಅನ್ನುವವರೂ ಇದ್ದಾರೆ.

ಈ ಗೊಂದಲ ಹುಟ್ಟುವುದು ಪ್ರೀತಿಯಿಂದಲೇ. ನಾಯಿಯನ್ನು ಮನೆಯ ಮಗು ಅಂತ ನೋಡುತ್ತೇವೆ. ಹಾಗೆ ನೋಡುವುದು ಸರಿಯೇ. ಆದರೆ ಅದೇ ಭರದಲ್ಲಿ ಮಗುವಿನ ಸೋಪು, ಮಗುವಿನ ಹಾಲು, ಕೊನೆಗೆ ಮಗುವಿನ ಜ್ವರದ ಸಿರಪ್ ಕೂಡ ಅದಕ್ಕೆ ಆಗುತ್ತದೆ ಅಂದುಕೊಂಡುಬಿಡುತ್ತೇವೆ. ನಾಯಿಯ ಚರ್ಮ ಬೇರೆ, ಹೊಟ್ಟೆ ಬೇರೆ, ಮೈ ತಣ್ಣಗಾಗುವ ರೀತಿಯೂ ಬೇರೆ. ಆ ವ್ಯತ್ಯಾಸ ಎಲ್ಲೆಲ್ಲಿದೆ ಅಂತ ಗೊತ್ತಾದರೆ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಚರ್ಮದಿಂದ ಶುರು ಮಾಡೋಣ. ನಮ್ಮ ಚರ್ಮದ ಹೊರಪದರದಲ್ಲಿ ಜೀವಕೋಶಗಳ 10ರಿಂದ 15 ಸಾಲುಗಳಿರುತ್ತವೆ. ನಾಯಿಗೆ ಇರುವುದು 3ರಿಂದ 5 ಅಷ್ಟೇ. ನೋಡೋಕೆ ಒರಟಾಗಿ ಕಂಡರೂ ಕೂದಲ ಕೆಳಗಿನ ಚರ್ಮ ತುಂಬಾ ತೆಳುವು. ಅದನ್ನು ಕಾಯುವುದು ಕೂದಲು ಮತ್ತು ಕೂದಲ ಬುಡದಿಂದ ಒಸರುವ ಎಣ್ಣೆಯಂಶ. ಇನ್ನೊಂದು ವ್ಯತ್ಯಾಸ ಪಿಎಚ್‌ನದು, ಅಂದರೆ ಆಮ್ಲ, ಕ್ಷಾರದ ಅಳತೆಯದು. ನಮ್ಮ ಚರ್ಮಕ್ಕೆ ತುಸು ಆಮ್ಲದ ಗುಣ ಇದೆ, ಪಿಎಚ್ 5.5ರ ಆಸುಪಾಸು. ನಾಯಿಯದು ಸಾಮಾನ್ಯವಾಗಿ 7ರ ಹತ್ತಿರ ಇರುತ್ತದೆ. ಹಾಗಾಗಿ ನಮಗೆಂದು ಮಾಡಿದ ಶಾಂಪೂ ಅದಕ್ಕೆ ಹೊಂದುವುದಿಲ್ಲ. ಒಂದು ಸಲ ಹಾಕಿದರೆ ಏನೂ ಆಗದೇ ಇರಬಹುದು. ವಾರವಾರವೂ ಹಾಕಿದರೆ ಎಣ್ಣೆಯಂಶ ಹೋಗುತ್ತದೆ, ಚರ್ಮ ಒಣಗುತ್ತದೆ, ಹೊಟ್ಟು ಏಳುತ್ತದೆ, ನಾಯಿ ಕೆರೆಯಲು ಶುರು ಮಾಡುತ್ತದೆ. ಕೆರೆಯುವುದನ್ನು ನೋಡಿ ಮೈ ಕೊಳೆಯಾಗಿದೆ ಅಂತ ಮತ್ತೆ ಸ್ನಾನ ಮಾಡಿಸುತ್ತೇವೆ. ಸ್ನಾನ ಜಾಸ್ತಿಯಾದಷ್ಟೂ ಕೆರೆತವೂ ಜಾಸ್ತಿ.

ಮನೆಯೊಳಗೆ ಇರುವ, ಚರ್ಮದ ಕಾಯಿಲೆ ಇಲ್ಲದ, ಗಿಡ್ಡ ಕೂದಲಿನ ನಾಯಿಗೆ ತಿಂಗಳಿಗೊಂದು ಸ್ನಾನ ಸಾಕು. ನಮ್ಮ ನಾಟಿ ನಾಯಿಗಳಿಗೂ ಮುಧೋಳ ನಾಯಿಗೂ ಅದಕ್ಕಿಂತ ತಡವಾದರೂ ಪರವಾಗಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಬ್ರಷ್ ಮಾಡಿದರೆ ಮೈ ಚೊಕ್ಕವಾಗಿಯೇ ಇರುತ್ತದೆ. ಶಿಟ್ಜುವಿನಂಥ ಉದ್ದ ಕೂದಲಿನವಕ್ಕೆ ಇನ್ನೂ ಬೇಗ ಬೇಕಾಗುತ್ತದೆ. ಅವಕ್ಕೆ ಸ್ನಾನಕ್ಕಿಂತ ದಿನಾ ಬ್ರಷ್ ಮಾಡುವುದು ಮುಖ್ಯ. ಚರ್ಮದ ಕಾಯಿಲೆ ಇದ್ದರೆ ಲೆಕ್ಕವೇ ಬೇರೆ. ಪಶುವೈದ್ಯರು ಔಷಧಿ ಶಾಂಪೂ ಕೊಟ್ಟು ವಾರಕ್ಕೆ ಎರಡು ಸಲ ಅನ್ನಬಹುದು. ಆ ಶಾಂಪೂ ಹಚ್ಚಿ 10 ನಿಮಿಷ ಹಾಗೇ ಬಿಡಬೇಕು, ಆಗಲೇ ಔಷಧಿ ಚರ್ಮಕ್ಕೆ ಹಿಡಿಯುವುದು. ಹಚ್ಚಿದ ಕೂಡಲೇ ತೊಳೆದು, ಶಾಂಪೂ ಕೆಲಸ ಮಾಡಲಿಲ್ಲ ಅಂತ ಬೇಸರಪಡುವವರೇ ಜಾಸ್ತಿ.

ಸ್ನಾನಕ್ಕೆ ಮೊದಲು ಬ್ರಷ್ ಮಾಡಿ. ಗಂಟಾದ ಕೂದಲು ನೆಂದರೆ ಇನ್ನೂ ಬಿಗಿಯಾಗುತ್ತದೆ, ಆಮೇಲೆ ಕತ್ತರಿಯೇ ಗತಿ. ನೀರು ಉಗುರುಬೆಚ್ಚಗಿರಲಿ. ನಮಗೆ ಹಿತ ಅನಿಸುವ ಬಿಸಿನೀರು ಅದಕ್ಕೆ ಜಾಸ್ತಿಯಾಯಿತು. ಶಾಂಪೂವನ್ನು ನೇರ ಬೆನ್ನ ಮೇಲೆ ಸುರಿಯದೆ ಒಂದು ಮಗ್ ನೀರಿನಲ್ಲಿ ಕಲಸಿಕೊಂಡರೆ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ, ತೊಳೆಯುವುದೂ ಸುಲಭ. ತಲೆಯ ಮೇಲೆ ನೀರು ಹುಯ್ಯಬೇಡಿ, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ನಾಯಿಯ ಕಿವಿಯ ನಾಳ ನಮ್ಮದರಂತೆ ನೇರ ಇಲ್ಲ. ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಒಳಗೆ ಹೋದ ನೀರು ಆ ಮೂಲೆಯಲ್ಲಿ ಉಳಿದುಬಿಡುತ್ತದೆ. ಅದಕ್ಕೇ ಸ್ನಾನಕ್ಕೆ ಮೊದಲು ಎರಡೂ ಕಿವಿಗೆ ಹತ್ತಿಯ ಉಂಡೆ ಇಡುವುದು ಒಳ್ಳೆಯದು. ಮುಗಿದ ಮೇಲೆ ತೆಗೆಯುವುದನ್ನು ಮಾತ್ರ ಮರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಕೊನೆಯದು. ಚೆನ್ನಾಗಿ ತೊಳೆಯುವುದು, ಚೆನ್ನಾಗಿ ಒಣಗಿಸುವುದು. ಕಂಕುಳು, ಹೊಟ್ಟೆ, ಬಾಲದ ಬುಡ, ಕಾಲ್ಬೆರಳ ಸಂದಿ, ಇಲ್ಲೆಲ್ಲ ಶಾಂಪೂ ಉಳಿದಿರುತ್ತದೆ. ನಾಯಿಯ ಪಾದವನ್ನು ಕೈಯಲ್ಲಿ ಹಿಡಿದು ಬೆರಳುಗಳನ್ನು ಮೆಲ್ಲಗೆ ಬಿಡಿಸಿ ನೋಡಿ. ಒಳಗಿನ ಚರ್ಮ ತಿಳಿ ಗುಲಾಬಿ ಬಣ್ಣವಿದ್ದು ಒಣಗಿದ್ದರೆ ಸರಿ. ಕೆಂಪಗಾಗಿ, ಜಿಗುಟಾಗಿ, ಹುಳಿ ವಾಸನೆ ಬರುತ್ತಿದ್ದರೆ ಅಲ್ಲಿ ಯೀಸ್ಟ್ ಎಂಬ ಶಿಲೀಂಧ್ರ ಬೆಳೆಯುತ್ತಿದೆ ಅಂತ ಅನುಮಾನಪಡಬೇಕು. ತಿಳಿ ಬಣ್ಣದ ನಾಯಿಗಳಲ್ಲಿ ಪಾದದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಅದು ಕೊಳೆಯಲ್ಲ, ದಿನವಿಡೀ ನೆಕ್ಕಿದ ಜೊಲ್ಲಿನ ಕಲೆ. ಅಂದರೆ ಅಲ್ಲಿ ತುರಿಕೆ ಇದೆ ಅಂತ ಅರ್ಥ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಈ ತೊಂದರೆ ಬಹಳ. ಅಲ್ಲಿ ಮಳೆಗಾಲದಲ್ಲಿ ಸ್ನಾನ ಕಡಿಮೆ ಮಾಡಿ, ಹೊರಗಿನಿಂದ ಬಂದಾಗಲೆಲ್ಲ ಕಾಲು ಒರೆಸುವುದೇ ಜಾಣತನ.

ಇನ್ನು ಡೆಟಾಲ್, ಫಿನೈಲ್ ಬೆರೆಸಿದ ನೀರು. ಕಜ್ಜಿ ಆಗಿದೆ ಅಂತ ಸೀಮೆಎಣ್ಣೆ, ಗಾಡಿಯ ಹಳೇ ಆಯಿಲ್ ಹಚ್ಚುವುದನ್ನೂ ಇವತ್ತಿಗೂ ನೋಡುತ್ತೇವೆ. ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ನಾಯಿ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಇಳಿಯುತ್ತದೆ. ಕಜ್ಜಿಗೆ ಈಗ ಒಳ್ಳೆಯ ಔಷಧಿಗಳಿವೆ, ಸರ್ಕಾರಿ ಪಶು ಆಸ್ಪತ್ರೆಯಲ್ಲೂ ಚಿಕಿತ್ಸೆ ಸಿಗುತ್ತದೆ. ಬೇವಿನ ಸೊಪ್ಪು ಕುದಿಸಿದ ನೀರಿನಿಂದ ತೊಳೆದರೆ ತೊಂದರೆಯೇನಿಲ್ಲ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಈಗ ಊಟ. ಜಗಳ ಜಾಸ್ತಿ ಇರುವುದೇ ಇಲ್ಲಿ. ನಾಯಿ ತೋಳದ ವಂಶ, ಅದಕ್ಕೆ ಮಾಂಸ ಬಿಟ್ಟು ಬೇರೇನೂ ಅರಗುವುದಿಲ್ಲ ಅನ್ನುವ ವಾದವೊಂದಿದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ತೋಳ ಮತ್ತು ನಾಯಿಗಳ ಜೀನ್‌ಗಳನ್ನು ಹೋಲಿಸಿ ನೋಡಿತು. ಪಿಷ್ಟವನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವಕ್ಕೆ ಸಂಬಂಧಿಸಿದ ಜೀನ್ ತೋಳದಲ್ಲಿ ಎರಡೇ ಪ್ರತಿ ಇತ್ತು, ನಾಯಿಗಳಲ್ಲಿ 4ರಿಂದ 30ರವರೆಗೂ ಇತ್ತು. ಸಾವಿರಾರು ವರ್ಷ ಮನುಷ್ಯರ ಜೊತೆ ಬದುಕಿ, ನಾವು ಬಿಟ್ಟ ಅನ್ನ, ರೊಟ್ಟಿ ತಿಂದು ನಾಯಿಯ ಹೊಟ್ಟೆ ಬದಲಾಗಿದೆ. ಹಾಗಾಗಿ ಚೆನ್ನಾಗಿ ಬೆಂದ ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿ ಅದಕ್ಕೆ ಅರಗುತ್ತದೆ.

ಅರಗುತ್ತದೆ ಅಂದಮಾತ್ರಕ್ಕೆ ಅಷ್ಟೇ ಸಾಕಾಗುವುದಿಲ್ಲ. ಬೆಳೆದ ನಾಯಿಯ ಆಹಾರದಲ್ಲಿ ನೀರಿನಂಶ ಕಳೆದ ಮೇಲೆ ಕನಿಷ್ಠ ಶೇ 18ರಷ್ಟು ಪ್ರೋಟೀನ್ ಇರಬೇಕು, ಮರಿಗೆ ಶೇ 22.5 ಬೇಕು ಅನ್ನುವುದು ನಾಯಿ ಆಹಾರ ತಯಾರಿಸುವವರು ಅನುಸರಿಸುವ ಅಮೆರಿಕದ ಲೆಕ್ಕ. ಅಕ್ಕಿಯಲ್ಲಿರುವುದು ಶೇ 7ರಿಂದ 8. ಬರೀ ಮೊಸರನ್ನದಲ್ಲಿ ಬೆಳೆದ ನಾಯಿ ದುಂಡಗೆ ಕಾಣಬಹುದು, ಆದರೆ ತೊಡೆಯಲ್ಲಿ ಮಾಂಸ ಇರುವುದಿಲ್ಲ, ಕೂದಲಿಗೆ ಹೊಳಪಿರುವುದಿಲ್ಲ. ಅನ್ನದ ಜೊತೆ ಬೇಯಿಸಿದ ಕೋಳಿ, ಮೀನು, ಮೊಟ್ಟೆ ಸೇರಲಿ. ಮಾಂಸ ತಾರದ ಮನೆಯಲ್ಲಿ ಪನೀರ್, ಬೇಳೆ, ಮೊಸರು ಇದ್ದೇ ಇದೆ. ಆದರೂ ಪೂರ್ತಿ ಸಸ್ಯಾಹಾರ ಅಂದಾಗ ಪಶುವೈದ್ಯರ ಹತ್ತಿರ ಒಮ್ಮೆ ಕೂತು ಲೆಕ್ಕ ಹಾಕಿಸಿಕೊಳ್ಳುವುದು, ಇಲ್ಲವೇ ಪೂರ್ಣಾಹಾರ ಅಂತ ಬರೆದಿರುವ ಸಸ್ಯಾಹಾರಿ ಪ್ಯಾಕೆಟ್ ಕೊಡುವುದು ಕ್ಷೇಮ. ಹಾಲು ಮಾತ್ರ ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಆಗುವುದಿಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಮರಿತನ ಕಳೆದ ಹಾಗೆ ಕುಗ್ಗುತ್ತದೆ. ಹಾಲು ಕುಡಿದಾಗೆಲ್ಲ ಬೇದಿ ಆದರೆ ಕಾರಣ ಹುಡುಕಲು ಬೇರೆಲ್ಲೂ ಹೋಗಬೇಕಿಲ್ಲ. ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ.

ಮರಿಗಳ ವಿಷಯದಲ್ಲಿ ಇನ್ನೊಂದು ಮಾತು. ಮಾಂಸ, ಅನ್ನ ಎರಡರಲ್ಲೂ ರಂಜಕ ಇದೆ, ಕ್ಯಾಲ್ಸಿಯಂ ತೀರಾ ಕಡಿಮೆ. ಬರೀ ಕೋಳಿ, ಅನ್ನ ತಿಂದು ಬೆಳೆಯುವ ಮರಿಯ ದೇಹ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ತನ್ನ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಮೂಳೆ ಟೊಳ್ಳಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಸೋಫಾದಿಂದ ಹಾರಿದ್ದಕ್ಕೇ ಮುರಿಯಬಹುದು. ನಮ್ಮಲ್ಲಿ ರಾಗಿ ಅಂಬಲಿ ಕೊಡುವುದುಂಟು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಆ ಕ್ಯಾಲ್ಸಿಯಂನ ಒಂದು ಪಾಲನ್ನು ಮೈಗೆ ಹಿಡಿಯಗೊಡುವುದಿಲ್ಲ. ಹಾಗಾಗಿ ರಾಗಿ ಒಳ್ಳೆಯದೇ, ಅದೊಂದರಿಂದಲೇ ಮರಿಯ ಮೂಳೆ ಗಟ್ಟಿಯಾಗುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಯ ಮರಿಗಳಲ್ಲಿ ಇದಕ್ಕೆ ತದ್ವಿರುದ್ಧದ ಅಪಾಯವೂ ಇದೆ. ಮರಿಗೆಂದೇ ಮಾಡಿದ ಪ್ಯಾಕೆಟ್ ಆಹಾರದಲ್ಲಿ ಕ್ಯಾಲ್ಸಿಯಂ ಅಳತೆಯಾಗಿ ಸೇರಿರುತ್ತದೆ. ಅದರ ಮೇಲೆ ಬಾಟಲಿಗಟ್ಟಲೆ ಕ್ಯಾಲ್ಸಿಯಂ ಸಿರಪ್ ಕುಡಿಸಿದರೆ ಮರಿಯ ಕರುಳಿಗೆ ಅದನ್ನು ಬೇಡ ಅನ್ನಲು ಬರುವುದಿಲ್ಲ, ಮೂಳೆ, ಕೀಲು ಕೆಡುತ್ತವೆ.

ನಮ್ಮ ಅಡುಗೆಮನೆಯಲ್ಲಿ ನಾಯಿಗೆ ನಿಜವಾದ ಅಪಾಯ ಇರುವುದು ಸಾರಿನ ಪಾತ್ರೆಯಲ್ಲಿ. ಉಳಿದ ಸಾರನ್ನ ನಾಯಿಗೆ ಹಾಕುವುದು ಎಷ್ಟೋ ಮನೆಗಳ ಹಳೆಯ ಪದ್ಧತಿ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಅಂಶ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಕಿಡ್ನಿ ಕೆಡುತ್ತದೆ ಅಂತ ಮೊದಲಿಂದ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿವಿಷ ತಜ್ಞರು ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಹುಣಸೆ ತಿಂದ ನಾಯಿಗಳಲ್ಲೂ ಕಿಡ್ನಿ ಕೆಟ್ಟದ್ದು ಆಮೇಲೆ ವರದಿಯಾಗಿದೆ. ಒಂದು ತುತ್ತು ಸಾರನ್ನ ತಿಂತು ಅಂತ ಗಾಬರಿಯಾಗಬೇಕಿಲ್ಲ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಉಪ್ಪು, ಖಾರ ಎಲ್ಲ ಒಟ್ಟಿಗೆ ಇರುವ ಊಟವನ್ನು ದಿನಾ ಹಾಕುವುದು ಬೇರೆ ಮಾತು. ಬೇಳೆ ಬೆಂದ ಕೂಡಲೇ, ಹುಳಿ ಉಪ್ಪು ಬೀಳುವ ಮೊದಲು, ಅದರ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಡಿ. ಇಷ್ಟಕ್ಕೆ ಒಂದು ನಿಮಿಷವೂ ಬೇಡ.

ಹಬ್ಬದ ದಿನ ಪಾಯಸದ ಒಣದ್ರಾಕ್ಷಿ, ಮಕ್ಕಳ ಕೈಯ ಚಾಕೊಲೇಟ್, ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್, ಇವೂ ವಿಷವೇ. ಬೇಯಿಸಿದ ಕೋಳಿಯ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಲ್ಲೋ ಕರುಳಲ್ಲೋ ಚುಚ್ಚಿಕೊಳ್ಳುತ್ತದೆ.

ಎಷ್ಟು ಹಾಕಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. 10 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಸಾಕು. ಒಂದು ಗ್ಲೂಕೋಸ್ ಬಿಸ್ಕೆಟ್ಟಿನಲ್ಲಿ ಸುಮಾರು 20 ಕ್ಯಾಲರಿ ಇರುತ್ತದೆ. ಟೀ ಹೊತ್ತಿಗೆ ಅಜ್ಜ ಎರಡು, ಅಮ್ಮ ಎರಡು, ಮಕ್ಕಳು ಮೂರು ಮೂರು ಕೊಟ್ಟರೆ ಹತ್ತಾಯಿತು. ದಿನದ ಊಟದ ಮೂರನೇ ಒಂದು ಪಾಲು ಬರೀ ಮೈದಾ, ಸಕ್ಕರೆಯಲ್ಲೇ ಮುಗಿಯಿತು. ತಿಂಡಿ ಅಂತ ಕೊಡುವುದೆಲ್ಲ ಸೇರಿ ದಿನದ ಹತ್ತನೇ ಒಂದು ಪಾಲು ದಾಟಬಾರದು. ಕ್ಯಾರೆಟ್ ತುಂಡು, ಸೌತೆಕಾಯಿ ಕೊಟ್ಟರೂ ಬಾಲ ಅಷ್ಟೇ ಖುಷಿಯಿಂದ ಆಡುತ್ತದೆ. ಇನ್ನು ನಾಯಿ ದಪ್ಪವೋ ಸಣ್ಣವೋ ಅಂತ ತಿಳಿಯಲು ತಕ್ಕಡಿಯೇ ಬೇಕಿಲ್ಲ. ಎರಡೂ ಪಕ್ಕದ ಮೇಲೆ ಅಂಗೈ ಆಡಿಸಿ. ಒತ್ತದೆಯೇ ಪಕ್ಕೆಲುಬು ಬೆರಳಿಗೆ ಸಿಗಬೇಕು. ಮೇಲಿನಿಂದ ನೋಡಿದಾಗ ಸೊಂಟ ಒಳಗೆ ಹೋಗಿರಬೇಕು.

ಮುಧೋಳ ನಾಯಿಗೆ ಮಾತ್ರ ಈ ಅಳತೆ ಸ್ವಲ್ಪ ಬದಲು. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೊಂದಿದೆ. ಓಡಲೆಂದೇ ಆದ ಮೈ ಅದು. ಮೈಯಲ್ಲಿ ಕೊಬ್ಬು ಕಡಿಮೆ, ಕೊನೆಯ ಪಕ್ಕೆಲುಬುಗಳು ಕಾಣುವುದೇ ಅದರ ಲಕ್ಷಣ. ನಗರಕ್ಕೆ ತಂದವರು ಪಾಪ ಬಡಕಲಾಗಿದೆ ಅಂತ ತುರುಕಿ ತುರುಕಿ ತಿನ್ನಿಸುತ್ತಾರೆ. ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೆ ಬೇಕಿರುವುದು ದಿನಾ ಮೈಬಿಟ್ಟು ಓಡುವ ಅವಕಾಶ, ಮಲಗಲು ಮೆತ್ತನೆಯ ಹಾಸು. ಇಂಥ ಆಳ ಎದೆಯ ನಾಯಿಗಳಿಗೆ ಊಟವನ್ನು ಎರಡು ಹೊತ್ತಿಗೆ ಹಂಚಿ ಹಾಕಿ, ಉಂಡ ಕೂಡಲೇ ಓಡಿಸಬೇಡಿ. ಹೊಟ್ಟೆ ಉಬ್ಬಿಕೊಂಡು, ವಾಂತಿ ಮಾಡಲು ಒದ್ದಾಡಿದರೂ ಏನೂ ಬರದಿದ್ದರೆ ಜಠರ ತಿರುಚಿಕೊಂಡಿರಬಹುದು. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಸ್ನಾನ ಮಾಡಿಸಿದರೆ ರಕ್ತ ಹೀರುವ ಉಣ್ಣೆ, ಅಂದರೆ ಟಿಕ್, ಹೋಗುತ್ತದೆ ಅನ್ನುವುದು ಇನ್ನೊಂದು ನಂಬಿಕೆ. ಮಲೆನಾಡಿನವರು ಉಣುಗು ಅನ್ನುವ ಈ ಹುಳು ಬದುಕಿನ ಹೆಚ್ಚು ಕಾಲ ಕಳೆಯುವುದು ನಾಯಿಯ ಮೈಮೇಲಲ್ಲ, ನಿಮ್ಮ ಮನೆಯಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣ್ಣೆಯ ಹೆಣ್ಣು ರಕ್ತ ಕುಡಿದು ಉಬ್ಬಿ ಕೆಳಗೆ ಉದುರುತ್ತದೆ, ಗೋಡೆಯ ಬಿರುಕಿಗೋ ಬಾಗಿಲ ಚೌಕಟ್ಟಿನ ಸಂದಿಗೋ ಹತ್ತಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮರಿಯಾಗಿ ಒಮ್ಮೆ ನಾಯಿಯ ಮೈ ಹತ್ತುತ್ತದೆ, ಉದುರುತ್ತದೆ, ಪೊರೆ ಬಿಡುತ್ತದೆ, ಮತ್ತೆ ಹತ್ತುತ್ತದೆ. ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಹಾಗಾಗಿ ನಾಯಿಗೆ ಔಷಧಿ ಕೊಟ್ಟು ಮನೆಯನ್ನು ಬಿಟ್ಟರೆ ಕೆಲಸ ಅರ್ಧಕ್ಕೇ ನಿಂತ ಹಾಗೆ. ನಾಯಿ ಮಲಗುವ ಜಾಗ, ಗೋಡೆಯ ಅಂಚು, ಪರದೆಯ ಮಡಿಕೆ ಎಲ್ಲವನ್ನೂ ನೋಡಬೇಕು, ಹಾಸನ್ನು ಬಿಸಿನೀರಿನಲ್ಲಿ ಒಗೆಯಬೇಕು.

ಔಷಧಿಯಲ್ಲಿ ಬೆನ್ನಿಗೆ ಬಿಡುವ ಹನಿ ಇದೆ, ತಿನ್ನಿಸುವ ಮಾತ್ರೆ ಇದೆ. ಹನಿ ಔಷಧಿ ಚರ್ಮದ ಎಣ್ಣೆಯ ಮೂಲಕ ಮೈಯೆಲ್ಲ ಹರಡುವುದರಿಂದ ಅದನ್ನು ಹಾಕುವ ಎರಡು ದಿನ ಮೊದಲು, ಹಾಕಿದ ಎರಡು ದಿನ ಸ್ನಾನ ಬೇಡ. ಮಾತ್ರೆಗೆ ಈ ಕಟ್ಟುಪಾಡಿಲ್ಲ. ಆದರೆ ಫಿಟ್ಸ್ ಬರುವ ನಾಯಿಯಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಮೈಮೇಲೆ ಕಂಡ ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸುಡಬೇಡಿ. ಇಷ್ಟೆಲ್ಲ ಹೇಳುವುದು ಟಿಕ್ ಫೀವರ್‌ಗಾಗಿ. ಉಣ್ಣೆಯಿಂದ ಬರುವ ಎರ್ಲಿಕಿಯಾ, ಬಬೇಸಿಯಾ ಸೋಂಕುಗಳು ನಮ್ಮ ಕಡೆ ಸಾಮಾನ್ಯ. ನಾಯಿ ಊಟ ಬಿಡುತ್ತದೆ, ಮಂಕಾಗುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಎರ್ಲಿಕಿಯಾಗೆ ಸಾಮಾನ್ಯವಾಗಿ 28 ದಿನದ ಮಾತ್ರೆ ಬರೆಯುತ್ತಾರೆ. ನಾಲ್ಕೇ ದಿನಕ್ಕೆ ನಾಯಿ ಲವಲವಿಕೆಯಿಂದ ಓಡಾಡಿದರೂ ನಡುವೆ ನಿಲ್ಲಿಸಬಾರದು.

ಲಸಿಕೆಯ ಬಗ್ಗೆ ಕೇಳುವ ಪ್ರಶ್ನೆ ಒಂದೇ: ಮರಿಗೆ ಅಷ್ಟು ಸಲ ಯಾಕೆ? ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವವರೆಗೆ ಅದು ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಅನ್ನುವುದು ಒಂದೊಂದು ಮರಿಗೂ ಬೇರೆ. ಅದಕ್ಕೇ 6ರಿಂದ 8ನೇ ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ ಕೊಡುತ್ತಾರೆ. ಅಲ್ಲಿಯವರೆಗೆ ಮರಿಯನ್ನು ಪಾರ್ಕಿನ ನೆಲದ ಮೇಲೆ ಬಿಡಬೇಡಿ. ಮರಿಗಳಿಗೆ ವಾಂತಿ, ರಕ್ತಬೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷವರ್ಷವೂ. ಇದರಲ್ಲಿ ರಾಜಿ ಇಲ್ಲ. ಸಾಕಿದ ನಾಯಿಯೇ ಆದರೂ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಬೇಸಿಗೆ ಬಂದರೆ ಇನ್ನೊಂದು ಚಿಂತೆ. ನಾಯಿ ಬೆವರುವುದು ಪಾದದ ಅಡಿಯಲ್ಲಿ ಮಾತ್ರ. ಮೈ ತಣ್ಣಗಾಗಲು ಅದಕ್ಕೆ ಇರುವ ದಾರಿ ನಾಲಿಗೆ ಚಾಚಿ ಏದುಸಿರು ಬಿಡುವುದು. ಚಪ್ಪಟೆ ಮೂಗಿನ ಪಗ್‌ಗೆ ಅದೂ ಕಷ್ಟ. ಹಸ್ಕಿಗೆ ಸೆಕೆ ಅಂತ ಕೂದಲು ಬೋಳಿಸುವುದೂ ಸರಿಯಲ್ಲ, ಅದರ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ. ರಸ್ತೆಯ ಮೇಲೆ ಕೈಯ ಹಿಂಬದಿ ಐದಾರು ಸೆಕೆಂಡ್ ಇಡಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್‌ನಲ್ಲಿ ಬೆಳಗ್ಗೆ ಏಳರೊಳಗೆ ವಾಕಿಂಗ್ ಮುಗಿಯಬೇಕು. ಬಿಸಿಲಿಗೆ ತತ್ತರಿಸಿ ಕುಸಿದರೆ ಮೊದಲು ನಲ್ಲಿ ನೀರಿನಿಂದ ಮೈ ನೆನೆಸಿ, ಗಾಳಿ ಹಾಕಿ. ಆಮೇಲೆ ಆಸ್ಪತ್ರೆಯ ದಾರಿ ಹಿಡಿಯಿರಿ.

ನಾಯಿಯ ಮೈ ಮುಟ್ಟಿ ಜ್ವರ ಅನ್ನುವುದೂ ತಪ್ಪು ಲೆಕ್ಕ. ಅದರ ಮೈ ನಮ್ಮದಕ್ಕಿಂತ ಯಾವಾಗಲೂ ಬಿಸಿ. ಆರೋಗ್ಯವಾಗಿರುವ ನಾಯಿಯ ಉಷ್ಣಾಂಶವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಒಣಗಿದೆ, ಬಿಸಿಯಾಗಿದೆ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಯಕೃತ್ತಿಗೂ ರಕ್ತಕ್ಕೂ ಪೆಟ್ಟು. ಬ್ರುಫೆನ್ ಅಂತೂ ಜಠರ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ. ಅದರ ಬದಲು ಮೇಲಿನ ತುಟಿ ಎತ್ತಿ ವಸಡು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಆರಾಮಾಗಿದ್ದಾಗಲೇ ನೋಡಿ ಬಣ್ಣ ನೆನಪಿಟ್ಟುಕೊಳ್ಳಿ. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು, ಅಂಥವಕ್ಕೆ ಕೆಳ ರೆಪ್ಪೆಯ ಒಳಗಡೆ ನೋಡಬೇಕು. ಗುಲಾಬಿ ಬಣ್ಣದ ವಸಡನ್ನು ಬೆರಳಲ್ಲಿ ಒತ್ತಿದರೆ ಬಿಳಿಯಾಗಿ, ಬಿಟ್ಟ ಮೇಲೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ, ಹಳದಿಯಾಗಿದ್ದರೆ ಕಾಮಾಲೆ, ನೀಲಿಗೆ ತಿರುಗಿದ್ದರೆ ಉಸಿರಾಟದ ತೊಂದರೆ. ಈ ಮೂರರಲ್ಲಿ ಯಾವುದು ಕಂಡರೂ ಆ ಹೊತ್ತಿಗೆ ತೆರೆದಿರುವ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಹೋಗುವಾಗ ಅದು ಕೊನೆಯ ಸಲ ಏನು ತಿಂತು, ಯಾವಾಗ ತಿಂತು, ಯಾವ ಔಷಧಿ ಕೊಟ್ಟಿರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತಿಂದ ಪದಾರ್ಥದ ಪ್ಯಾಕೆಟ್ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ.